ಸುರಿಯುವ ಜೋಳದ ಕೆಳಗೆ ಒಂದು ಕೈ

ಅಥವಾ ಅದು ಜೋಳವಲ್ಲದೆ ಸಜ್ಜೆಯೇ ಇದ್ದಿರಬಹುದು. ಹಿತ್ತಾಳೆಯ ಅಗಲ ತಟ್ಟೆ, ಪರಾತದ ಮೇಲೆ ಕಾಳು ಬೀಳುವ ಸದ್ದು ಮಾತ್ರ ಕಿವಿಯಲ್ಲಿದೆ, ಕಾಳಿನ ಬಣ್ಣ ಕಣ್ಣಿನಲ್ಲಿಲ್ಲ. ಅವ್ವ ಜೋಳ ಎನ್ನುತ್ತಿದ್ದಳು, ನಾನೂ ಜೋಳವೆಂದೇ ಬರೆಯುತ್ತೇನೆ. ಆದರೆ ಅವ್ವನ ನೆನಪು ಎಲ್ಲಿ ಮುಗಿದು ನನ್ನದು ಎಲ್ಲಿ ಶುರುವಾಗುತ್ತದೆಂದು ಹೇಳಲಾರೆ.

ಸಂತೆಕಲ್ಲೂರಿನ ಮನೆಯಲ್ಲಿ ತಂಗಿ ಅತ್ತಾಗ ಆಯಿ, ಅಂದರೆ ಅಪ್ಪನ ತಾಯಿ, ಮಾಡುತ್ತಿದ್ದುದು ಇಷ್ಟೇ: ಅವಳನ್ನು ಪರಾತದ ಮುಂದೆ ಕೂರಿಸಿ, ಮೊರದ ತುಂಬ ಜೋಳ ತಂದು, ಎತ್ತರದಿಂದ ಸಣ್ಣಗೆ ಸುರಿಯುತ್ತಿದ್ದಳು. ತಂಗಿ ಬಿಕ್ಕುತ್ತಲೇ ಆ ಧಾರೆಗೆ ಕೈ ಒಡ್ಡುತ್ತಿದ್ದಳು. ಕಾಳು ಅಂಗೈ ಮೇಲೆ ಪುಟಿದು ಜಾರುತ್ತಿತ್ತು. ಮೊರ ಖಾಲಿಯಾಗುವ ಹೊತ್ತಿಗೆ ಅಳು ನಿಂತಿರುತ್ತಿತ್ತು. ಆಯಿ ಒಮ್ಮೆಯೂ ‘ಅಳಬ್ಯಾಡ’ ಎಂದದ್ದು ನೆನಪಿಲ್ಲ. ಏನೂ ಅನ್ನುತ್ತಿರಲಿಲ್ಲ. ಆ ಮೌನವನ್ನೂ ನಾನು ಈಚೆಗೆ ಸೇರಿಸಿರಬಹುದು.

ಕೆನಾಲ್ ನೀರು ಬಂದ ಮೇಲೆ ಅಪ್ಪ ತುರ್ವಿಹಾಳದಲ್ಲಿ ಪಾಲಿಗೆ ಗದ್ದೆ ಹಿಡಿದ. ನಾವು ನಾಲ್ವರು ಹೊರಟೆವು. ಆಯಿ ಕಾಕನ ಮನೆಯಲ್ಲೇ ಉಳಿದಳು, ಕಾಕಿಯ ಹೆರಿಗೆ ಹತ್ತಿರವಿತ್ತು.

ಹೊಸ ಊರಿನಲ್ಲಿ, ಇನ್ನೂ ಮೂರು ತುಂಬದ ತಂಗಿಗೆ ‘ಆಯಿ’ ಒಂದೇ ಮಾತು. ಅತ್ತು ಅತ್ತು ಉಸಿರು ಹಿಡಿಯುತ್ತಿದ್ದಳು. ತುಟಿ ನೀಲಿಗಟ್ಟಿ, ಮೈ ಸೆಟೆದು, ಅವ್ವನ ತೋಳಿನಲ್ಲಿ ಕೋಲಿನಂತಾಗುತ್ತಿದ್ದಳು. ಅವ್ವ ಮುಖಕ್ಕೆ ನೀರು ಚಿಮುಕಿಸಿ ಕಾಯುತ್ತಿದ್ದಳು. ಉಸಿರು ಮರಳುತ್ತಿತ್ತು. ಮುಂದಿನ ಸಲ ಮರಳದಿದ್ದರೆ?

“ಏನ್ ಬೇ ಅಕ್ಕಾ, ಕೆನಾಲಿಗೂ ತೂಬು ಐತಿ, ನಿನ್ನ ಮಗಳಿಗೆ ಇಲ್ಲೇನ?” ಎಂದು ಪಕ್ಕದ ಮನೆಯವಳು ಕೇಳಿದಳು.

“ಇದ್ರ ನೀನ ಬಂದು ಮುಚ್ಚ ಬಾ,” ಎಂದಳು ಅವ್ವ. ಇಬ್ಬರೂ ನಕ್ಕರೆಂದು ಕಾಣುತ್ತದೆ.

ಬೆಲ್ಲ ಕೊಟ್ಟದ್ದಾಯಿತು, ಹೆಗಲ ಮೇಲೆ ಹಾಕಿಕೊಂಡು ಬದುವಿನ ಮೇಲೆ ತಿರುಗಿದ್ದಾಯಿತು, ಗುಮ್ಮನನ್ನು ಕರೆದದ್ದಾಯಿತು. ಒಂದು ಮಧ್ಯಾಹ್ನ ಅವ್ವ ಪರಾತ ಹಾಕಿದಳು. ಬರುವಾಗ ತಂದ ಜೋಳ ಅಷ್ಟರಲ್ಲಿ ಹಿಟ್ಟಾಗಿ, ರೊಟ್ಟಿಯಾಗಿ ಮುಗಿದಿತ್ತು. ಮನೆಯಲ್ಲಿದ್ದುದು ಸಸಿ ಹಾಕಲು ತಂದ ಭತ್ತ. ಭತ್ತದ ಜೊತೆ ನಮಗಿನ್ನೂ ಬಳಕೆ ಇರಲಿಲ್ಲ. ಅವ್ವ ಅದನ್ನೇ ಮೊರಕ್ಕೆ ತುಂಬಿ ಸುರಿದಳು, “ನೋಡ ನೋಡ, ಆಯಿ ಸುರುವ್ಯಾಳ ನೋಡ” ಎಂದಳು. ತಂಗಿ ನಂಬಿ ಎರಡೂ ಕೈ ಒಡ್ಡಿದಳು. ಭತ್ತದ ತುದಿಯ ಚೂಪು ಸುಂಕು ಎಳೆ ಅಂಗೈಗೆ ಚುಚ್ಚಿತು. ಆ ಕೈಯಲ್ಲೇ ಕಣ್ಣುಜ್ಜಿಕೊಂಡಳು. ಅವತ್ತಿನ ಕಿರುಚಾಟಕ್ಕೆ ಅಪ್ಪ ಗದ್ದೆಯಿಂದ ಓಡಿ ಬಂದ.

“ನಿಮ್ಮವ್ವನ್ನ ಕರಕೊಂಡು ಬರ್ರಿ. ಇಲ್ಲಂದ್ರ ಈ ಕೂಸು ನನ್ನ ಕೈಯಾಗ ಉಳಿಯಂಗಿಲ್ಲ.”

“ನಾಟಿ ಮುಗೀಲಿ ಬೇ.”

ನಾಟಿ ಮುಗಿಯುವ ಹೊತ್ತಿಗೆ ತಂಗಿಯ ದನಿ ಒಡೆದಿತ್ತು. ಅಪ್ಪ ಬಸ್ಸು ಹಿಡಿದು ಹೋದ, ಮರುದಿನ ಒಬ್ಬನೇ ಬಂದ. ಹೆಗಲ ಮೇಲೊಂದು ಚೀಲ.

“ಬಾಣಂತಿ ಬಿಟ್ಟು ಆಕಿ ಬರಂಗಿಲ್ಲಂತ. ಜೋಳ ಕೊಟ್ಟಾಳ. ಎತ್ತರಲಿಂದ ಸುರುವು ಅಂತ ಹೇಳ್ಯಾಳ.”

ತಂಗಿ ಅಪ್ಪನ ಹಿಂದೆ ಖಾಲಿ ಬಾಗಿಲನ್ನು ನೋಡುತ್ತ ನಿಂತಿದ್ದಳು. ಈ ಬಾಗಿಲು ನಿಜವಾಗಿ ಕಂಡದ್ದೋ, ನಾನು ಬೇಕೆಂದು ಇಟ್ಟದ್ದೋ, ತಿಳಿಯದು. ಅದನ್ನು ತೆಗೆದು ಬರೆದು ನೋಡಿದೆ, ಮತ್ತೆ ಬಂದು ಕೂತಿತು.

ಅವ್ವ ಜೋಳ ಸುರಿದಳು. ಈ ಸಲ ಏನೂ ಮಾತಾಡಲಿಲ್ಲ. ಸದ್ದು ಅದೇ ಇತ್ತು. ತಂಗಿ ಕೈ ಒಡ್ಡಲಿಲ್ಲ. ಅವ್ವ ಒಂದು ಕೈಯಲ್ಲಿ ಮೊರ ಹಿಡಿದು, ಇನ್ನೊಂದರಲ್ಲಿ ಅವಳ ಕೈ ಎಳೆದು ಧಾರೆಯ ಕೆಳಗಿಟ್ಟಳು. ಕೈ ಇಟ್ಟಲ್ಲೇ ಇತ್ತು. ಮುಚ್ಚಲಿಲ್ಲ, ಹಿಂದೆ ಸರಿಯಲಿಲ್ಲ. ಅಳುವೂ ಇಲ್ಲ.

“ಸುಮ್ಮನಾದ್ಲು ನೋಡ ಬೇ!” ಎಂದಳು ಪಕ್ಕದ ಮನೆಯವಳು ಬಾಗಿಲಲ್ಲಿ ನಿಂತು. ಅವ್ವ ತಂಗಿಯ ಮುಖ ನೋಡಿ ಮೊರ ಕೆಳಗಿಟ್ಟುಬಿಟ್ಟಳು. ಅದರಲ್ಲಿನ್ನೂ ಅರ್ಧ ಜೋಳವಿತ್ತು.

ಆಮೇಲೆ ತಂಗಿ ಅಳಲಿಲ್ಲ. ಕಟ್ಟೆಯಿಂದ ಬಿದ್ದು ಮೊಣಕಾಲು ಒಡೆದುಕೊಂಡಾಗಲೂ ಇಲ್ಲ. ಆಯಿಯ ಹೆಸರು ಎತ್ತಲಿಲ್ಲ. ಕೊಟ್ಟದ್ದನ್ನು ತಿಂದಳು, ಮಲಗಿಸಿದಲ್ಲಿ ಮಲಗಿದಳು. ಊರವರಿಗೆ ಅವಳು ಶಾಣ್ಯಾ ಕೂಸಾದಳು. ಒಂದು ಸಂಜೆ ಒಲೆಯ ಮುಂದೆ ಅವ್ವ ಅವಳ ತೋಳು ಚಿವುಟುವುದನ್ನು ಕಂಡೆ. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ.

“ಅಳ ಬೇ. ನನ್ನವ್ವ, ಒಂದ ಸಲ ಅಳ.”

ತಂಗಿ ತೋಳು ನೋಡಿಕೊಂಡಳು. ಅತ್ತವಳು ಅವ್ವ.

ಆ ಜೋಳವನ್ನು ಬೀಸಿ ರೊಟ್ಟಿ ಮಾಡಿ ಉಂಡೆವು. ತಂಗಿಗೆ ಸಂತೆಕಲ್ಲೂರಿನ ಮನೆ ಚೂರೂ ನೆನಪಿಲ್ಲವಂತೆ, ಎರಡು ಸಲ ಕೇಳಿದ್ದೇನೆ. ಅವತ್ತು ಅವಳು ಸಮಾಧಾನವಾದಳೋ, ಕರೆದರೆ ಯಾರೂ ಬರುವುದಿಲ್ಲವೆಂದು ಕರೆಯುವುದನ್ನು ಬಿಟ್ಟಳೋ, ನನಗೆ ಗೊತ್ತಿಲ್ಲ.