ಸಲೋಮಿ ಟೀಚರ ಹಾಜರಿ

ಚಾಮರಾಜಪೇಟೆಯ ಆ ಹಳೆಯ ವಠಾರದಲ್ಲಿ ಸಲೋಮಿ ಟೀಚರ ಅಡುಗೆಮನೆಗೂ ಶಕುಂತಲಮ್ಮನ ದೇವರಮನೆಗೂ ನಡುವೆ ಇರುವುದು ಒಂದೇ ಗೋಡೆ. ಈ ಕಡೆ ಒಗ್ಗರಣೆ ಹಾಕಿದರೆ ಆ ಕಡೆ ಸೀನುತ್ತಾರೆ. ಅಂಥ ಗೋಡೆಯ ಪಕ್ಕ ಕೂತು ಟೀಚರು ಇಪ್ಪತ್ತಾರು ವರ್ಷ ದಿನಾ ಬೆಳಿಗ್ಗೆ ಐದೂವರೆಗೆ ಪ್ರಾರ್ಥನೆ ಮಾಡಿದರು, ಅದೂ ಗಟ್ಟಿಯಾಗಿ. ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿ ಪಳಗಿದ ಗಂಟಲು. ಮೆಲ್ಲಗೆ ಮಾತಾಡುವುದು ಅದಕ್ಕೆ ಗೊತ್ತೇ ಇಲ್ಲ.

ಪ್ರಾರ್ಥನೆಯ ರೀತಿಯೂ ಶಾಲೆಯದೇ. ಯಾರಾದರೂ ಬಂದು "ನಮ್ ಹುಡುಗಿಗೋಸ್ಕರ ಸ್ವಲ್ಪ ಕೇಳ್ಕೊಳ್ಳಿ ಟೀಚರೇ" ಎಂದರೆ ಆ ಹೆಸರನ್ನು ಒಂದು ಹಾಜರಿ ಪುಸ್ತಕದಲ್ಲಿ ಬರೆದುಕೊಳ್ಳುವರು. ಬೆಳಿಗ್ಗೆ ಒಂದೊಂದೇ ಹೆಸರು ಕೂಗಿ ಅವರ ಕಷ್ಟವನ್ನು ಕರ್ತನಿಗೆ ಒಪ್ಪಿಸುವರು. ಆ ಪುಸ್ತಕಕ್ಕೆ ಜಾತಿ ಮತ ಇರಲಿಲ್ಲ. ಕಾಟನ್‌ಪೇಟೆಯ ಮುನಿಯಕ್ಕನ ಕಾಲುನೋವು, ಪೋಸ್ಟ್‌ಮ್ಯಾನ್ ಓಬಳಪ್ಪನ ಕುಡಿತ, ಎಲ್ಲವೂ ಅದರಲ್ಲಿದ್ದವು. "ಒಂದಿನ ದೇವರನ್ನೂ ಬೆಂಚಿನ ಮೇಲೆ ನಿಲ್ಲಿಸ್ತೀಯ ನೀನು" ಎಂದು ಗಂಡ ಜಯವಂತ ರೇಗಿಸುತ್ತಿದ್ದರು.

ಒಂದೂವರೆ ವರ್ಷದ ಹಿಂದೆ ಜಯವಂತರ ಕಿಡ್ನಿ ಕೈಕೊಟ್ಟಿತು. ಐದು ತಿಂಗಳು ಟೀಚರು ಎಲ್ಲರಿಗಿಂತ ಮೊದಲು ಅವರ ಹೆಸರನ್ನೇ ಕೂಗಿದರು. ಚರ್ಚಿನ ಸಭೆಯವರು ಉಪವಾಸ ಮಾಡಿದರು. ಗುಡ್‌ಫ್ರೈಡೆಗೆ ಎರಡು ದಿನ ಇದೆ ಎನ್ನುವಾಗ ಜಯವಂತರು ಹೋಗಿಬಿಟ್ಟರು. ಸಮಾಧಾನ ಹೇಳಲು ಬಂದ ಹಿರಿಯರೊಬ್ಬರು, "ನಮ್ಮ ವಿಶ್ವಾಸ ಎಲ್ಲೋ ಕಮ್ಮಿ ಆಯ್ತೇನೋ ಸಿಸ್ಟರ್" ಎಂದರು. ಇಂಥವರನ್ನು ಕಾಫಿ ಕೊಡದೆ ಸಾಗಹಾಕಬೇಕು. ಟೀಚರು ಬಿಸ್ಕತ್ತನ್ನೂ ಕೊಟ್ಟು ಕಳಿಸಿದರು.

ಮಾರನೆಯ ದಿನ ಹಾಜರಿ ಪುಸ್ತಕ ಅಕ್ಕಿ ಡಬ್ಬದ ಹಿಂದೆ ಸೇರಿತು. ಭಾನುವಾರ ಚರ್ಚಿಗೆ ಹೋಗುವುದನ್ನೂ ಬಿಟ್ಟರು. ಕೇಳಿದವರಿಗೆ ಮಂಡಿನೋವು ಎಂದರು. ಮಂಡಿ ಗಟ್ಟಿಮುಟ್ಟಾಗಿಯೇ ಇತ್ತು. ತಾನು ಕೂಗುವುದನ್ನು ಮೇಲೆ ಒಬ್ಬ ಕೇಳಿಸಿಕೊಳ್ಳುತ್ತಾನೆ ಎಂಬ ನಂಬಿಕೆಯೇ ಹೋಗಿಬಿಟ್ಟಿತ್ತು, ಅದನ್ನು ಯಾರ ಮುಂದೆ ಹೇಳುವುದು? ಜನರೋ, ತಮ್ಮ ಕಷ್ಟ ತರುವುದನ್ನು ನಿಲ್ಲಿಸಲಿಲ್ಲ. ಟೀಚರೂ "ಆಯ್ತು, ಮಾಡ್ತೀನಿ" ಎನ್ನುವುದನ್ನು ನಿಲ್ಲಿಸಲಿಲ್ಲ. ಹೀಗೆ ಒಂದು ವರ್ಷ ಸುಳ್ಳಿನಲ್ಲೇ ಕಳೆಯಿತು.

ಮೊನ್ನೆ ಸೋಮವಾರ ಸಂಜೆ ಶಕುಂತಲಮ್ಮ ಬಂದು ಬಾಗಿಲಲ್ಲೇ ನಿಂತರು. ಮರುದಿನ ಅವರಿಗೆ ಗರ್ಭಕೋಶದ ಆಪರೇಷನ್. ಒಳಗಿರುವ ಗಡ್ಡೆ ಎಂಥದ್ದೆಂದು ತೆಗೆದ ಮೇಲೆಯೇ ಗೊತ್ತಾಗುವುದು.

"ಬೆಳಿಗ್ಗೆ ಆರಕ್ಕೆ ಹೊರಡ್ತೀವಿ ಟೀಚರೇ. ಅಷ್ಟರೊಳಗೆ ನನ್ ಹೆಸ್ರು ಒಂದ್ಸಲ ಕೂಗ್ಬಿಡಿ. ಕೇಳಿಸ್ಕೊಂಡ್ ಹೋಗ್ತೀನಿ."

ಊರಿಗೆಲ್ಲ ಹೇಳಿದ ಸುಳ್ಳು ಆ ಮುಖ ನೋಡಿದಾಗ ಬಾಯಿಗೆ ಬರಲಿಲ್ಲ. "ಶಕುಂತಲಾ, ನಾನು ಪ್ರಾರ್ಥನೆ ಬಿಟ್ಟು ಒಂದ್ ವರ್ಷ ಆಯ್ತು," ಎಂದರು ಟೀಚರು. "ಮಾಡ್ತೀನಿ ಅಂತ ಎಲ್ರಿಗೂ ಸುಳ್ ಹೇಳಿದೀನಿ. ನಂಗೆ ಆಗ್ತಿಲ್ಲ."

"ಗೊತ್ತು," ಎಂದರು ಶಕುಂತಲಮ್ಮ. "ಗೋಡೆ ಇದೆಯಲ್ಲ."

ಒಳಗೆ ಬಂದು ಕೂತರು. "ಮೊದಮೊದ್ಲು ನಿಮ್ ದನಿಗೆ ಕಾಯ್ತಿದ್ದೆ. ಆಮೇಲೆ, ಅಷ್ಟೊಂದ್ ಜನ ನೆಚ್ಕೊಂಡಿದಾರೆ, ನಡುವೆ ನಿಂತೋಗ್ಬಾರ್ದು ಅನ್ನಿಸ್ತು. ಕೇಳೀ ಕೇಳೀ ಎಲ್ಲಾ ಹೆಸ್ರೂ ಬಾಯಿಪಾಠ. ದೀಪ ಹಚ್ಚಿದ್ಮೇಲೆ ನಾನೇ ಹೇಳ್ತಿದೀನಿ, ನಿಮ್ ಕರ್ತನಿಗೆ. ಆ ಮುನಿಯಕ್ಕ ಯಾರು ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ. ನಿಮ್ ಹೆಸ್ರು ಮಾತ್ರ ಅದ್ರಲ್ಲಿ ಇರ್ಲಿಲ್ಲ ಟೀಚರೇ. ಒಂದ್ ದಿನಾನೂ ನೀವು ಕೂಗಿಲ್ಲ. ಅದನ್ನ ನಾನ್ ಸೇರಿಸ್ದೆ."

ಗಂಡನನ್ನು ಮಣ್ಣು ಮಾಡಿದ ದಿನವೂ ಬಾರದ ಅಳು ಟೀಚರಿಗೆ ಈಗ ಬಂತು. ಕರ್ತನು ತನ್ನನ್ನು ಕೈಬಿಟ್ಟ ಎಂದು ಅವರು ಲೆಕ್ಕ ಹಾಕಿದ ಅಷ್ಟೂ ದಿನ, ಅವರ ಹೆಸರು ಪಕ್ಕದ ಮನೆಯಿಂದ ಅವನಿಗೆ ತಪ್ಪದೆ ಹೋಗುತ್ತಿತ್ತು. ಶಕುಂತಲಮ್ಮ ಸೆರಗು ಕೊಟ್ಟರು, ಒರೆಸಿಕೊಳ್ಳಲು.

ಮಂಗಳವಾರ ಐದೂವರೆಗೆ ಟೀಚರು ಅಕ್ಕಿ ಡಬ್ಬ ಸರಿಸಿದರು. ಪುಸ್ತಕದ ಧೂಳು ಒರೆಸಿ ಗೋಡೆಯ ಪಕ್ಕ ಕೂತರು. ಹಾಳೆಗಳನ್ನು ಎರಡು ಸಲ ತಿರುವಿ ಹಾಕಿದರು. ಕೊನೆಗೆ, "ಕರ್ತನೇ, ನಿನ್ ಮೇಲೆ ನಂಗಿನ್ನೂ ಕೋಪ ಇದೆ. ಅದನ್ನ ಆಮೇಲೆ ಮಾತಾಡೋಣ. ಮೊದಲು ಶಕುಂತಲಾ," ಎಂದರು. ಗೋಡೆಯಾಚೆ ಪಾತ್ರೆಯ ಸದ್ದು ನಿಂತಿತು. ಟೀಚರು ಒಂದೊಂದೇ ಹೆಸರು ಕೂಗುತ್ತಾ ಹೋದರು. ಎಲ್ಲ ಮುಗಿದ ಮೇಲೆ ಪುಸ್ತಕದಲ್ಲಿ ಇಲ್ಲದ ಹೆಸರೊಂದನ್ನು ಕೂಗಿದರು.

"ಸಲೋಮಿ."

ಉತ್ತರ ಕೊಡಬೇಕಾದವರೂ ತಾವೇ. ಪುಸ್ತಕ ಮುಚ್ಚಿದರು, ಮತ್ತೆ ತೆರೆದರು.

"ಇದಾರೆ," ಎಂದರು ಗೋಡೆಯಾಚೆಯಿಂದ ಶಕುಂತಲಮ್ಮ.

"ಒಬ್ಬರ ಹಾಜರಿ ಇನ್ನೊಬ್ಬರು ಹೇಳೋ ಹಾಗಿಲ್ಲ," ಎಂದು ಟೀಚರು ಗದರಿದರು. ಆಮೇಲೆ ಕಣ್ಣೊರೆಸಿಕೊಂಡು, ಕೈಮುಗಿದು ಹೇಳಿದರು.

"ಇದೀನಿ, ಕರ್ತನೇ."