ನಮ್ಮನೆಯವರ ಇಳಿಜಾರು ಹಲಗೆ

ಸಿಟಿ ಬಸ್ಸು ಓಡಿಸುವವರ ಕೆಲಸವೆಲ್ಲ ಕೈಯಲ್ಲಿದೆ ಎಂದೇ ನಾನು ತಿಳಿದಿದ್ದೆ. ಡ್ರೈವರನ್ನು ಕಟ್ಟಿಕೊಂಡು ಇಷ್ಟು ವರ್ಷ ಸಂಸಾರ ಮಾಡಿದವಳಿಗೇ ಗೊತ್ತಿರಲಿಲ್ಲ ಅಂದರೆ ನೋಡಿ. ನಮ್ಮನೆಯವರ ಬಲಗಾಲಿನ ಹಿಮ್ಮಡಿಯ ಮೇಲಿನ ನರ ಕಿತ್ತುಹೋದ ಮೇಲೆ ಕಾಲಿನ ಬೆಲೆ ಅರ್ಥವಾಯಿತು.

ಬನಶಂಕರಿ ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಯೋಣ ಎಂದು ಡ್ರೈವರ್ ಬಾಗಿಲಿನಿಂದ ಕೆಳಗೆ ಹಾರಿದ್ದರು, ದಿನಾ ಹಾರುವ ಹಾಗೆಯೇ. ಹಿಂದಿನಿಂದ ಯಾರೋ ಒದ್ದಂತಾಯಿತಂತೆ. ಬೈಯೋಣ ಎಂದು ತಿರುಗಿದರೆ ಹಿಂದೆ ಯಾರೂ ಇರಲಿಲ್ಲ. ಆಪರೇಷನ್ ಆಯಿತು, ಪ್ಲಾಸ್ಟರ್ ಹಾಕಿದರು. ಅದನ್ನು ಬಿಚ್ಚಿದಾಗ ಮೀನಖಂಡ ಸೊರಗಿ ಬಿಗಿದುಕೊಂಡು, ಪಾದ ಕೆಳಮುಖವಾಗಿಯೇ ಸೆಟೆದುಕೊಂಡಿತ್ತು. ಮುಂಗಾಲು ಮೇಲೆತ್ತಿ ಎಂದರೆ ಏಳುತ್ತಿರಲಿಲ್ಲ. ಆಕ್ಸಿಲರೇಟರ್ ಬಿಟ್ಟು ಕಾಲು ಬ್ರೇಕಿಗೆ ಹೋಗಬೇಕಾದರೆ ಮೊದಲು ಮುಂಗಾಲು ಏಳಬೇಕು. ಎದ್ದರೆ ಮತ್ತೆ ಬಸ್ಸು, ಏಳದಿದ್ದರೆ ಲೈಟ್ ಡ್ಯೂಟಿ. ಲೈಟ್ ಡ್ಯೂಟಿ ಅಂದರೆ ಡಿಪೋ ಗೇಟಿನಲ್ಲಿ ಕೂತು ಬಂದು ಹೋಗುವ ಬಸ್ಸುಗಳ ನಂಬರ್ ಬರೆದುಕೊಳ್ಳುವುದು. ಆ ಮಾತು ಬಂದರೆ ಸಾಕು, ತಟ್ಟೆಯಲ್ಲಿ ಅರ್ಧ ಊಟ ಬಿಟ್ಟು ಎದ್ದುಬಿಡುತ್ತಿದ್ದರು.

ಜಯನಗರದ ಕ್ಲಿನಿಕ್ಕಿನಲ್ಲಿ ವ್ಯಾಯಾಮ ಮಾಡಿಸುವ ಹುಡುಗಿ ಒಂದು ಇಳಿಜಾರು ಹಲಗೆ ತಂದು ಗೋಡೆಯ ಮುಂದಿಟ್ಟಳು. ಅದರ ಮೇಲೆ ಬೆರಳುಗಳು ಎತ್ತರಕ್ಕೆ, ಹಿಮ್ಮಡಿ ತಗ್ಗಿಗೆ ಬರುವಂತೆ ನಿಲ್ಲಬೇಕು.

"ಅಂಕಲ್, ಹಿಮ್ಮಡಿ ಎತ್ಬೇಡಿ, ಮಂಡಿ ಬಗ್ಗಿಸ್ಬೇಡಿ. ನೋವಾದ್ರೆ ಹೇಳಿ."

"ಏನೂ ನೋವಿಲ್ಲಮ್ಮ," ಅಂದರು ಇವರು. ಹಣೆಯಿಂದ ಬೆವರು ಮೂಗಿಗಿಳಿಯುತ್ತಿತ್ತು.

"ಸುಳ್ಳು ಹೇಳ್ತಿದಾರೆ ಕಣಮ್ಮ, ನಂಬಬೇಡ," ಅಂದೆ ನಾನು. ಇವರು ನನ್ನನ್ನು ನುಂಗುವ ಹಾಗೆ ನೋಡಿದರು.

ಅಂಥದ್ದೇ ಹಲಗೆಯನ್ನು ನಮ್ಮ ಬೀದಿಯ ಬಡಗಿಯ ಹತ್ತಿರ ಮಾಡಿಸಿ ನಡುಮನೆಯಲ್ಲಿಟ್ಟೆವು. ಅಡುಗೆಮನೆಗೆ ಹೋಗುವಾಗಲೆಲ್ಲ ನಾನು ಅದನ್ನು ಎಡವುವುದು, ಬೈಯುವುದು, ಮತ್ತೆ ಅದೇ ಜಾಗಕ್ಕೆ ಸರಿಸಿಡುವುದು. ಜೊತೆಗೆ ಅಂಗಾಲಿಗೆ ಸಿಕ್ಕಿಸಿ ಎಳೆಯುವ ಒಂದು ರಬ್ಬರ್ ಪಟ್ಟಿ, ಮಲಗುವಾಗ ಪಾದವನ್ನು ನೆಟ್ಟಗೆ ಹಿಡಿದಿಡುವ ಒಂದು ದಪ್ಪ ಬೂಟು. ನೋಡಲು ಬಂದ ನಂಟರು, ಇದೆಲ್ಲ ಯಾಕೆ, ಹರಳೆಣ್ಣೆ ಹಚ್ಚಿ ನೀವಿದರೆ ಸಾಕು ಎಂದು ಕಾಫಿ ಕುಡಿದು ಹೋದರು. ಇವರು ಮಾತ್ರ ಬೆಳಗಾದರೆ ಹಲಗೆಯ ಮೇಲೆ ನಿಂತು, ಗೋಡೆಗೆ ಎರಡೂ ಕೈ ಕೊಟ್ಟು ಸುಮ್ಮನೆ ಸುಣ್ಣ ನೋಡುತ್ತಿದ್ದರು. ಆ ಬೆನ್ನು ನೋಡಿ ಅಳು ಬಂದರೆ ಪಾತ್ರೆ ಜೋರಾಗಿ ಕುಕ್ಕುತ್ತಿದ್ದೆ.

ಈ ನಡುವೆ ಇವರ ರೂಟಿಗೆ ಬೇರೊಬ್ಬರನ್ನು ಕಾಯಂ ಮಾಡುತ್ತಾರೆ ಎಂದು ಸುದ್ದಿ ಬಂತು. ನನಗೆ ಪಿತ್ತ ನೆತ್ತಿಗೇರಿತು. ಇವರಿಗೆ ಹೇಳದೆ ಡಿಪೋಗೆ ಹೋಗಿ ಸಾಹೇಬರ ಮುಂದೆ ನಿಂತೆ. "ಅವ್ರು ಬಂದೇ ಬರ್ತಾರೆ ಸಾರ್. ಅವರ ಸೀಟು ಯಾರಿಗೂ ಕೊಡ್ಬೇಡಿ," ಎಂದು ದಬಾಯಿಸಿ ಬಂದೆ. ಪಾಪ, ಆ ಮನುಷ್ಯ ಒಳ್ಳೆಯವರು. ಡಾಕ್ಟರು ಫಿಟ್ ಎಂದು ಬರೆದುಕೊಡುವ ತನಕ ಕಾಯುತ್ತೇನೆ ಅಂದರು.

ಆಯುಧಪೂಜೆ ಬಂತು. ಬೇರೆ ವರ್ಷಗಳಲ್ಲಿ ಡಿಪೋದಲ್ಲಿ ಬಸ್ಸಿಗೆ ಬಾಳೆಕಂದು ಕಟ್ಟಿ, ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣಿಟ್ಟು, ಮುಂದಕ್ಕೆ ಉರುಳಿಸಿ ಬಂದರೇನೇ ಇವರಿಗೆ ಹಬ್ಬ. ಆ ಸಲ ಕದಲಲಿಲ್ಲ. ನಾನು ಈಳಿಗೆಮಣೆ, ಮಿಕ್ಸಿ, ಸ್ಕೂಟರುಗಳಿಗೆ ಪೂಜೆ ಮಾಡಿ, ಕೈಯಲ್ಲಿ ಕುಂಕುಮ ಉಳಿದಿತ್ತಲ್ಲ, ಹಲಗೆಗೂ ಇಟ್ಟೆ. ಒಂದು ಸೇವಂತಿಗೆ ಹೂವೂ ಇಟ್ಟೆ. ನಮ್ಮ ಮಟ್ಟಿಗೆ ಆ ವರ್ಷ ದುಡಿಯುತ್ತಿದ್ದುದು ಅದೇ ತಾನೆ?

ಸ್ನಾನ ಮಾಡಿ ಬಂದವರು ನೋಡಿದರು. "ಇದೇನು ನನ್ನ ಗಾಡೀನಾ?" ಅಂದರು. ದನಿ ಏರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. ಹೂವು ತೆಗೆದು ದೇವರ ಮುಂದಿಟ್ಟು, ಕುಂಕುಮವನ್ನು ಟವೆಲಿನಲ್ಲಿ ಒರೆಸಿ, ಅದರ ಮೇಲೆ ಹತ್ತಿ ನಿಂತರು.

ಆದರೆ ಕಾಲು ಸುಧಾರಿಸಿತು. ಕುಂಟುವುದು ಹೋಯಿತು, ಮುಂಗಾಲು ಎದ್ದಿತು. ಕ್ಲಿನಿಕ್ಕಿನ ಹುಡುಗಿ ಖುಷಿಪಟ್ಟಳು. ಡಾಕ್ಟರು ಫಿಟ್ ಎಂದು ಬರೆದುಕೊಟ್ಟರು. ಆ ಚೀಟಿಯನ್ನು ದೇವರ ಗೂಡಿನಲ್ಲಿಟ್ಟು ಕೈಮುಗಿದೆ. ಡಿಪೋಗೆ ಹೋಗುವ ಮೊದಲು ಒಮ್ಮೆ ಓಡಿಸಿ ನೋಡುತ್ತೇನೆ ಎಂದು ಇವರೇ ಅಂದರು. ನನ್ನ ತಮ್ಮ ಬಿಟಿಎಂ ಲೇಔಟಿನಿಂದ ಆಫೀಸಿನವರನ್ನು ಕರೆದೊಯ್ಯುವ ಮಿನಿ ಬಸ್ಸು ಇಟ್ಟಿದ್ದಾನೆ. ಭಾನುವಾರ ಅದನ್ನು ತಂದ. ಹುಳಿಮಾವಿನ ಆಚೆ, ಸೈಟು ಮಾಡಿ ಹಾಗೇ ಬಿಟ್ಟಿದ್ದ ಬಡಾವಣೆಯೊಂದರ ಖಾಲಿ ರಸ್ತೆಗೆ ಹೋದೆವು. ಅಲ್ಲಿ ಇವರು ಡ್ರೈವರ್ ಸೀಟಿಗೆ ಹತ್ತಿದರು. ಕೂರುವ ಮೊದಲು ಸ್ಟಿಯರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡರು.

ಚೆನ್ನಾಗಿಯೇ ಓಡಿಸಿದರು. ನನ್ನ ತಮ್ಮ ಪಕ್ಕದ ಸೀಟಿನಲ್ಲಿ, ನಾನು ಹಿಂದೆ. ಇದ್ದಕ್ಕಿದ್ದಂತೆ ಪೊದೆಯಿಂದ ಒಂದು ನಾಯಿ ರಸ್ತೆಗೆ ನುಗ್ಗಿತು. ಬ್ರೇಕ್ ಬಿತ್ತು, ನಾನು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡೆ. ನಾಯಿಗೆ ಏನೂ ಆಗಲಿಲ್ಲ, ಓಡಿಹೋಯಿತು.

"ಸಖತ್ ಭಾವ, ಕೈ ಒಂಚೂರೂ ಕೆಟ್ಟಿಲ್ಲ," ಅಂದ ತಮ್ಮ.

ಇವರು ಇಂಜಿನ್ ಆಫ್ ಮಾಡಿದರು.

"ಬ್ರೇಕು ಲೇಟಾಯ್ತು," ಅಂದರು.

"ಏನ್ರೀ ಲೇಟು? ನಾಯಿ ಬದುಕ್ತಲ್ಲ," ಅಂದೆ.

"ಇದು ಖಾಲಿ ಗಾಡಿ ಕಣೇ."

ನನಗೆ ತಕ್ಷಣ ತಿಳಿಯಲಿಲ್ಲ. ಆಮೇಲೆ ತಿಳಿಯಿತು, ಜನ ತುಂಬಿದ ಬಸ್ಸಾಗಿದ್ದರೆ ಅಷ್ಟರಲ್ಲಿ ನಿಲ್ಲುತ್ತಿರಲಿಲ್ಲ. ತಮ್ಮ, ಇನ್ನೊಂದು ತಿಂಗಳು ಹಲಗೆ ಹತ್ತಿ ಭಾವ, ಸರಿಹೋಗುತ್ತೆ ಅಂದ. ಇವರು ಇಳಿದು ಸೀಟು ಬಿಟ್ಟುಕೊಟ್ಟರು. ಮನೆಗೆ ಬಂದ ಮೇಲೆ ನಾನು ಜಗಳ ತೆಗೆದೆ. ಡಾಕ್ಟರಿಗಿಂತ ನಿಮಗೆ ಜಾಸ್ತಿ ಗೊತ್ತಾ ಎಂದು ಕೇಳಿದೆ. "ಡಾಕ್ಟ್ರು ಕಾಲು ನೋಡಿದ್ರು. ಕಾಲು ನಡೆಯೋಕೆ ಸರಿಯಾಗೇ ಇದೆ," ಅಂದರು.

ಇದನ್ನು ಹೇಳಲು ಡಿಪೋಗೆ ನಾನೂ ಬರಬೇಕು ಅಂದರು. ಹೋದೆ. ಸಾಹೇಬರು ಚೀಟಿ ನೋಡಿ ನಗುತ್ತಾ, "ಬನ್ನಿ ಬನ್ನಿ. ಮೇಡಂ ಅವತ್ತು ಹೇಳಿದ್ರಲ್ಲ, ನಿಮ್ಮ ರೂಟು ಹಾಗೇ ಇಟ್ಟಿದೀನಿ. ಸೋಮವಾರದಿಂದ ಬಂದ್ಬಿಡಿ," ಅಂದರು.

ಇವರು ಬಾಯಿ ತೆರೆದರು. ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಾ ನಿಂತುಬಿಟ್ಟರು. ಹಲಗೆಯ ಮೇಲೆ ಅಷ್ಟು ನೋವು ತಿಂದು ನಿಂತವರಿಗೆ ಅಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಸಾಹೇಬರು ಯಾವುದೋ ಕಾಗದಕ್ಕೆ ಪೆನ್ನು ಕೈಗೆತ್ತಿಕೊಂಡರು. ಇನ್ನು ಸಹಿ ಬಿದ್ದರೆ ಆಯಿತು, ಬಸ್ಸು ಇವರದ್ದೇ. ನಾನೊಬ್ಬಳು ಸುಮ್ಮನಿದ್ದರೆ ಸಾಕಿತ್ತು. ದೇವರಾಣೆಗೂ ಹೇಳುತ್ತೇನೆ, ಸುಮ್ಮನಿರಬೇಕು ಅಂತಲೇ ಅನಿಸಿತು.

"ಬೇಡ ಸಾರ್," ಅಂದೆ. "ಇವ್ರ ಬ್ರೇಕು ಲೇಟಾಗುತ್ತೆ."

ಸಾಹೇಬರು ನನ್ನನ್ನು ನೋಡಿದರು, ಆಮೇಲೆ ಇವರನ್ನು. ಇವರು ಹೌದು ಎಂದು ತಲೆ ಆಡಿಸಿದರು. ಮದುವೆಯಾದಾಗಿನಿಂದ ನಾಲ್ಕು ಜನರ ಎದುರು ನನ್ನ ಕೈ ಮುಟ್ಟಿದವರಲ್ಲ, ಅವತ್ತು ಹಿಡಿದುಕೊಂಡರು.