ಗುರುವಾರದ ಕಾಫಿ

ನಮ್ಮ ವಿನೋಬನಗರಕ್ಕೆ ಲಸಿಕೆ ಡಬ್ಬ ಹಿಡಿದು ಬರುತ್ತಿದ್ದ ಸಿಸ್ಟರ್ ಭದ್ರಾವತಿ ಊರಿನವರು. ತಿಂಗಳಿಗೊಂದು ಗುರುವಾರ ಬೆಳಿಗ್ಗೆ ನಮ್ಮ ಬಾಗಿಲು ತಟ್ಟುತ್ತಿದ್ದರು. ಮಗಳಿಗೆ ಇಂಜೆಕ್ಷನ್ ಬೇಡವೆಂದು ನನ್ನ ಹಟ.

‘ಕಡ್ಡಾಯ ಅಂತ ಆದೇಶ ಇದ್ರೆ ತೋರ್ಸಿ’ ಎನ್ನುತ್ತಿದ್ದೆ.

‘ಕಡ್ಡಾಯ ಏನಿಲ್ಲ ಸರ್. ಕಾಫಿ ಇದ್ರೆ ಕೊಡಿ’ ಎಂದು ಕೂತುಬಿಡುತ್ತಿದ್ದರು.

ಫೋನಿನಲ್ಲಿ ಓದಿದ್ದನ್ನೆಲ್ಲ ನಾನು ಹೇಳುತ್ತಿದ್ದೆ. ಅವರು ಲೋಟವನ್ನು ಸೆರಗಿನಲ್ಲಿ ಹಿಡಿದು, ತಲೆಯಾಡಿಸುತ್ತ ಕುಡಿಯುತ್ತಿದ್ದರು. ಕಾಫಿ ತಂದ ನನ್ನ ಹೆಂಡತಿ ಮಗುವನ್ನೆತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಎರಡು ವರ್ಷ ಹೀಗೇ ನಡೆಯಿತು. ನಾನೇ ಗೆದ್ದೆ ಅಂದುಕೊಂಡಿದ್ದೆ.

ಆಮೇಲೆ ಹೆಂಡತಿ ತೀರಿಕೊಂಡಳು. ಅವಳ ಸೀರೆಗಳ ನಡುವೆ ಮಗಳ ತಾಯಿ ಕಾರ್ಡು ಸಿಕ್ಕಿತು. ಲಸಿಕೆಯ ಎಲ್ಲ ಖಾನೆಗಳಲ್ಲೂ ದಿನಾಂಕವಿತ್ತು, ಸಿಸ್ಟರ್ ಸಹಿಯಿತ್ತು. ಆ ದಿನಗಳಲ್ಲಿ ಮಗುವಿಗೆ ಬಂದ ಜ್ವರಕ್ಕೆಲ್ಲ ಅವಳು ‘ಹಲ್ಲು ಬರ್ತಿದೆ ಕಣ್ರೀ’ ಅಂದಿದ್ದಳು.

ಸಿಸ್ಟರ್ ಮಾತಾಡಿಸಿಕೊಂಡು ಹೋಗಲು ಬಂದರು. ಕಾರ್ಡು ಮುಂದಿಟ್ಟೆ.

‘ನೀವು ಡ್ಯೂಟಿಗೆ ಹೋದ್ಮೇಲೆ ಅಕ್ಕ ಮಗೂನ ಅಂಗನವಾಡಿಗೆ ಕರ್ಕೊಂಡು ಬರ್ತಿದ್ರು’ ಅಂದರು.

‘ಮತ್ತೆ ನಮ್ಮನೆಗ್ಯಾಕೆ ಬರ್ತಿದ್ರಿ?’

‘ಬರೋದು ನಿಲ್ಸಿದ್ರೆ ನಿಮಗೆ ಅನುಮಾನ ಬರ್ತಿರ್ಲಿಲ್ವಾ ಸರ್?’

ಅವತ್ತು ಕಾಫಿ ನಾನೇ ಮಾಡಿದೆ. ಬಾಯಿಗಿಡುವಂತಿರಲಿಲ್ಲ.

‘ಕುಡಿಯೋದೇನೂ ಕಡ್ಡಾಯ ಇಲ್ಲ ಸಿಸ್ಟರ್’ ಅಂದೆ.

ಅವರು ಪೂರ್ತಿ ಕುಡಿದು, ಲೋಟ ತೊಳೆದಿಟ್ಟು ಹೋದರು.